ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಸೈಕಲ್ ಪ್ರವಾಸ: ಏರು ರೈಲಿಗೆ, ಇಳಿಜಾರು ನಮಗೆ

ನನ್ನ ಮೊದಲ ಬ್ಲ್ಯಾಕ್ ಫಾರೆಸ್ಟ್ ಸವಾರಿ ಮಧ್ಯಾಹ್ನ ಎರಡು ಗಂಟೆಗೇ ಮಕಾಡೆ ಮಲಗಿತ್ತು. ಮ್ಯಾಪಿನಲ್ಲಿ ಫ್ರೈಬುರ್ಗ್‌ನಿಂದ ಟಿಟಿಸೇ ಕೆರೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಇಷ್ಟೇ ತಾನೆ, ಎರಡೂವರೆ ಗಂಟೆ ಸಾಕು ಅಂದುಕೊಂಡೆ. ಫ್ರೈಬುರ್ಗ್ ಸುಮಾರು 270 ಮೀಟರ್ ಎತ್ತರದಲ್ಲಿದೆ, ಟಿಟಿಸೇ ಸುಮಾರು 850 ಮೀಟರ್‌ನಲ್ಲಿದೆ ಅನ್ನುವುದನ್ನು ನೋಡಲೇ ಇಲ್ಲ. ಫೋನಿನ ಆ್ಯಪ್ ಬೇರೆ ನನ್ನನ್ನು ಯಾವುದೋ ಕಾಡುದಾರಿಗೆ ತಿರುಗಿಸಿತು. ಎರಡೂ ಕಡೆ ಬ್ಯಾಗ್ ನೇತಾಡುವ ಸೈಕಲನ್ನು ಕಡಿದಾದ ಜಲ್ಲಿಕಲ್ಲಿನ ದಾರಿಯಲ್ಲಿ ತಳ್ಳಿ ನೋಡಿದ್ದೀರಾ? ಎರಡು ಹೆಜ್ಜೆಗೊಮ್ಮೆ ಪೆಡಲ್ ಬಂದು ಮೀನಖಂಡಕ್ಕೆ ಬಡಿಯುತ್ತದೆ. ಹಿಂದಿನಿಂದ ಇ-ಬೈಕಿನಲ್ಲಿ ಆರಾಮಾಗಿ ಬಂದ ಅಜ್ಜಿಯೊಬ್ಬರು ಪಕ್ಕದಲ್ಲಿ ನಿಲ್ಲಿಸಿ, "ಯಾಕೆ, ರೈಲು ಇತ್ತಲ್ಲ?" ಅಂದರು.

ಆ ಒಂದು ಮಾತಿಗೇ ಈ ಲೇಖನ. ಜರ್ಮನಿಯ ಗುಡ್ಡಗಾಡಿನಲ್ಲಿ ಸೈಕಲ್ ಪ್ರವಾಸ ಮಾಡಲು ಗಟ್ಟಿ ತೊಡೆ ಬೇಕೆಂದಿಲ್ಲ. ಎತ್ತರವನ್ನು ಓದಲು ಬರಬೇಕು, ರೈಲನ್ನು ಎಲ್ಲಿ ಹತ್ತಬೇಕು ಅಂತ ಗೊತ್ತಿರಬೇಕು. ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಕೆಲಸದಲ್ಲಿರುವ ನಮ್ಮವರಿಗೂ, ಊರಿನಿಂದ ಬೇಸಿಗೆ ರಜೆಗೆ ಬರುವವರಿಗೂ ಆಗಲಿ ಅಂತ ಒಂದೇ ದಾರಿಯನ್ನು ಪೂರ್ತಿಯಾಗಿ ಹೇಳುತ್ತೇನೆ.

ಮೊದಲು ದಾರಿ ಆರಿಸಿ

ಬ್ಲ್ಯಾಕ್ ಫಾರೆಸ್ಟ್ ಜರ್ಮನಿಯ ನೈರುತ್ಯ ಮೂಲೆಯಲ್ಲಿ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್‌ಗೆ ಅಂಟಿಕೊಂಡಿದೆ. ಅದರ ಅತಿ ಎತ್ತರದ ಬೆಟ್ಟ ಫೆಲ್ಡ್‌ಬರ್ಗ್, 1,493 ಮೀಟರ್. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಸ್ಯೂಡ್‌ಷ್ವಾರ್ಟ್ಸ್‌ವಾಲ್ಡ್ ರಾಡ್‌ವೆಗ್. ದಕ್ಷಿಣ ಬ್ಲ್ಯಾಕ್ ಫಾರೆಸ್ಟ್ ಸೈಕಲ್ ದಾರಿ ಅಂತ ಅರ್ಥ. ಸುಮಾರು 240 ಕಿ.ಮೀ. ಉದ್ದದ ದೊಡ್ಡ ಸುತ್ತು. ಬೆಟ್ಟದ ಮೇಲಿನ ಹಿಂಟರ್‌ಸಾರ್ಟೆನ್‌ನಲ್ಲಿ ಶುರು. ಕಾಡಿನ ನಡುವೆ ಇಳಿದು ರೈನ್ ನದಿ ಸೇರಿ, ಅದರ ಜೊತೆ ಬಾಸೆಲ್ ತನಕ ಹೋಗಿ, ದ್ರಾಕ್ಷಿ ತೋಟಗಳ ನಡುವೆ ಉತ್ತರಕ್ಕೆ ತಿರುಗಿ ಫ್ರೈಬುರ್ಗ್‌ಗೆ ಬರುತ್ತದೆ. ಅಲ್ಲಿಂದ ಮತ್ತೆ ಬೆಟ್ಟದ ಮೇಲಕ್ಕೆ ಹೋಗಲು ರೈಲಿದೆ. ದೊಡ್ಡ ಏರನ್ನು ರೈಲಿಗೆ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಇಳಿಜಾರು, ನದಿ ದಂಡೆ, ಮತ್ತು ಮಧ್ಯೆ ಮಧ್ಯೆ ಸಣ್ಣಪುಟ್ಟ ದಿಬ್ಬ.

ಹೋಗಲು ಒಳ್ಳೆಯ ಕಾಲ ಮೇ ಕೊನೆಯಿಂದ ಸೆಪ್ಟೆಂಬರ್ ಕೊನೆಯ ತನಕ. ಏಪ್ರಿಲ್‌ನಲ್ಲೂ ಮೇಲುಗಡೆ ಹಿಮ ಬೀಳುವುದುಂಟು. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಜಾಸ್ತಿ. ಆ ತಿಂಗಳುಗಳಲ್ಲಿ ಬೆಳಗ್ಗೆ ಬೇಗ ಹೊರಟು ಮೂರು ಗಂಟೆಯೊಳಗೆ ಊರು ಸೇರುವುದು ಕ್ಷೇಮ.

ಕಿಲೋಮೀಟರ್ ಬಿಡಿ, ಮೀಟರ್ ನೋಡಿ

ನನ್ನ ಲೆಕ್ಕ ಸುಲಭ. ಬ್ಯಾಗ್ ತುಂಬಿದ ಸೈಕಲ್, ಸಾಧಾರಣ ಕಾಲು: ಸಮತಟ್ಟಿನಲ್ಲಿ ಗಂಟೆಗೆ 14–15 ಕಿ.ಮೀ. ಹಿಡಿಯಿರಿ. ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ ಕಾಲು ಗಂಟೆ ಸೇರಿಸಿ. 45 ಕಿ.ಮೀ. ದೂರ, ಒಟ್ಟು 600 ಮೀಟರ್ ಏರು ಅಂದರೆ ಮೂರು ಗಂಟೆಗೆ ಒಂದೂವರೆ ಗಂಟೆ ಕೂಡಿ ನಾಲ್ಕೂವರೆ. ಕಾಫಿ, ಫೋಟೋ, ದಾರಿ ತಪ್ಪುವುದು ಎಲ್ಲ ಸೇರಿದರೆ ಒಂದು ದಿನ ಸರಿಹೋಯಿತು. ಇದು ಗಾಳಿಯಲ್ಲಿ ಗುಂಡು ಹೊಡೆದ ಲೆಕ್ಕವಲ್ಲ. ನೀವು, ಸೈಕಲ್, ಸಾಮಾನು ಸೇರಿ ನೂರು ಕೆ.ಜಿ. ಇದ್ದರೆ, ಅದನ್ನು 100 ಮೀಟರ್ ಎತ್ತಲು ಕಾಲು ಗಂಟೆ ಕಾಲ ಸುಮಾರು 110 ವ್ಯಾಟ್ ತುಳಿಯಬೇಕು. ಅಭ್ಯಾಸ ಇಲ್ಲದವರಿಗೂ ಒಂದೆರಡು ಗಂಟೆ ತಡೆಯುವಷ್ಟು ಶ್ರಮ ಅದು. ಮೊದಲ ಸಲ ದಿನಕ್ಕೆ 500–600 ಮೀಟರ್ ಏರು ದಾಟಬೇಡಿ.

ಆ್ಯಪಿನಲ್ಲಿ ಒಟ್ಟು ಏರು ಒಂದನ್ನೇ ನೋಡಿದರೆ ಮೋಸ ಹೋಗ್ತೀರಿ. ಎತ್ತರದ ಗೆರೆಯನ್ನು ದೊಡ್ಡದು ಮಾಡಿ, ಒಂದೇ ಕಡೆ ಎಷ್ಟು ಕಡಿದಾಗಿದೆ ನೋಡಿ. ಶೇ 3 ಇದ್ದರೆ, ಅಂದರೆ ನೂರು ಮೀಟರ್‌ಗೆ ಮೂರು ಮೀಟರ್ ಏರು, ಮಾತಾಡುತ್ತಾ ಹತ್ತಬಹುದು. ಶೇ 6ಕ್ಕೆ ಮಾತು ನಿಲ್ಲುತ್ತದೆ. ಶೇ 10ರ ಮೇಲೆ ಬಹಳ ಜನ ಇಳಿದು ತಳ್ಳುತ್ತಾರೆ. ರೈಲುದಾರಿ ಕಟ್ಟಿದವರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಇದೇ ಸೀಮೆಯಲ್ಲಿ ವೈಟ್ಸೆನ್‌ನಿಂದ ಬ್ಲುಂಬರ್ಗ್‌ಗೆ ಹೋಗುವ ಹಳೆಯ ರೈಲುದಾರಿಯೊಂದಿದೆ. ನೇರ ದೂರ 10 ಕಿ.ಮೀ. ಕೂಡ ಇಲ್ಲ. ಆದರೆ ಏರು ಶೇ 1 ಮೀರಬಾರದು ಅಂತ ಹಳಿಯನ್ನು ಸುತ್ತಿ ಸುತ್ತಿ 25 ಕಿ.ಮೀ. ಮಾಡಿದರು, ಒಂದು ಸುರಂಗವಂತೂ ಬೆಟ್ಟದೊಳಗೇ ಪೂರ್ತಿ ಸುತ್ತು ಹೊಡೆಯುತ್ತದೆ. ಜನ ಅದಕ್ಕೆ ಹಂದಿಬಾಲದ ರೈಲು ಅಂತಲೇ ಹೆಸರಿಟ್ಟಿದ್ದಾರೆ. ಗುಡ್ಡಗಾಡಿನಲ್ಲಿ ಎಲ್ಲಾದರೂ ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ ಅಂತ ತಿಳಿದರೆ ಕಣ್ಣುಮುಚ್ಚಿ ಹೋಗಿ.

ಸೈಕಲ್ ಮತ್ತು ಸಾಮಾನು

ಭಾರತದಿಂದ ಸೈಕಲ್ ಹೊತ್ತು ತರುವುದು ನನಗೆ ಸರಿಕಾಣುವುದಿಲ್ಲ. ಇ-ಬೈಕಿನ ದೊಡ್ಡ ಬ್ಯಾಟರಿಯನ್ನಂತೂ ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದೇ ಇಲ್ಲ. ಫ್ರೈಬುರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. "ಟ್ರೆಕಿಂಗ್‌ರಾಡ್" ಅಂತ ಕೇಳಿ. ಕ್ಯಾರಿಯರ್, ಮಡ್‌ಗಾರ್ಡ್, ಲೈಟು, ಸ್ಟ್ಯಾಂಡು ಎಲ್ಲ ಇರುವ ಗಟ್ಟಿ ಸೈಕಲ್ ಅದು. ಟೈರ್ 40 ಮಿ.ಮೀ. ಸುಮಾರಿನದಿರಲಿ, ಕಾಡಿನ ಜಲ್ಲಿ ದಾರಿಗೆ ತೆಳು ಟೈರ್ ಆಗದು. ಗೇರ್ ನೋಡುವಾಗ ಒಂದೇ ಪರೀಕ್ಷೆ: ಮುಂದಿನ ಚಿಕ್ಕ ಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲು ಜಾಸ್ತಿ ಇರಬೇಕು.

ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಏರಿಗೆ ಹೆದರಿದ್ದ ನನಗೆ ನಿಜವಾಗಿ ಕೈಕೊಟ್ಟಿದ್ದು ಇಳಿಜಾರು. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದೇ ಇರಬೇಡಿ, ಕಾದು ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಸ್ವಲ್ಪ ಓಡಲು ಬಿಡಿ, ಗಟ್ಟಿಯಾಗಿ ಹಿಡಿದು ನಿಧಾನ ಮಾಡಿ, ಮತ್ತೆ ಬಿಡಿ. ತಿರುವಿನ ಒಳಗೆ ಬ್ರೇಕ್ ಬೇಡ, ತಿರುವಿಗೆ ಮುಂಚೆಯೇ ಮುಗಿಸಿ. ಒದ್ದೆ ಎಲೆ ಬಿದ್ದ ಜಾಗ, ದನ ದಾಟಲು ಹಾಕಿದ ಕಬ್ಬಿಣದ ಜಾಲರಿ, ಊರೊಳಗಿನ ಕಲ್ಲುಹಾಸು ಮೂರೂ ಜಾರುತ್ತವೆ. ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗಲೇ ಬ್ರೇಕ್ ಪ್ಯಾಡ್ ಎಷ್ಟು ಸವೆದಿದೆ ಅಂತ ಬಗ್ಗಿ ನೋಡಿ.

ಮುಂದೆ ಹಿಂದೆ ಲೈಟು, ರಿಫ್ಲೆಕ್ಟರ್, ಬೆಲ್ ಇರಬೇಕು ಅನ್ನುವುದು ಇಲ್ಲಿ ಕಾನೂನು. ದೊಡ್ಡವರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ, ಆದರೂ ಹಾಕಿ. ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೆ ದಂಡ, ಅದಕ್ಕೆ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿಸಿಕೊಳ್ಳಿ. ಬಟ್ಟೆ ಎರಡು ಜೊತೆ, ಮಳೆ ಜರ್ಕಿನ್, ಒಂದು ಟ್ಯೂಬು, ಪಂಪು, ಪಂಕ್ಚರ್ ಸಾಮಾನು. ಉಳಿದದ್ದು ಮನೆಯಲ್ಲೇ ಇರಲಿ.

ರೈಲಿಗೆ ಸೈಕಲ್ ಹತ್ತಿಸುವುದು

ಐಸಿಇ ತರಹದ ವೇಗದ ರೈಲಿನಲ್ಲಿ ಸೈಕಲ್‌ಗೆ ಮೊದಲೇ ಜಾಗ ಕಾಯ್ದಿರಿಸಬೇಕು, ಬೇಸಿಗೆಯಲ್ಲಿ ಬೇಗ ಮುಗಿದುಹೋಗುತ್ತದೆ. ಊರಿಂದೂರಿಗೆ ಓಡುವ ಪ್ರಾದೇಶಿಕ ರೈಲಿನಲ್ಲಿ ಆ ತಲೆನೋವಿಲ್ಲ. ಈ ರಾಜ್ಯದಲ್ಲಿ, ಅಂದರೆ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 6ರಿಂದ 9 ಬಿಟ್ಟರೆ ಹೆಚ್ಚಿನ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್‌ಗೆ ದುಡ್ಡಿಲ್ಲ. ಆದರೆ ಜಾಗ ಇದ್ದರೆ ಮಾತ್ರ. ಬಿಸಿಲಿರುವ ಭಾನುವಾರ ಹತ್ತು ಗಂಟೆಗೆ ಫ್ರೈಬುರ್ಗ್ ಪ್ಲಾಟ್‌ಫಾರ್ಮ್ ನೋಡಿದರೆ ಇಡೀ ಊರೇ ಬೆಟ್ಟ ಹತ್ತುತ್ತಿದೆಯೇನೋ ಅನ್ನಿಸುತ್ತದೆ. ವಾರದ ದಿನ, ಒಂಬತ್ತು ದಾಟಿದ ಮೇಲೆ ಹೋಗಿ.

ಬಾಗಿಲ ಮೇಲೆ ಸೈಕಲ್ ಚಿತ್ರ ಇರುವ ಬೋಗಿ ಹುಡುಕಿ. ಬ್ಯಾಗನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ. ಸೈಕಲನ್ನು ಬೆಲ್ಟಿನಿಂದ ಕಟ್ಟಿ, ಮುಂದೆ ಇಳಿಯುವವರ ಸೈಕಲ್ ನಿಮ್ಮದರ ಹಿಂದೆ ಸಿಕ್ಕಿಕೊಳ್ಳದಂತೆ ನೋಡಿ. "ಎಲ್ಲಿ ಇಳೀತೀರಿ" ಅಂತ ಪಕ್ಕದವರನ್ನು ಕೇಳುವುದು ಇಲ್ಲಿ ಸಾಮಾನ್ಯ. ಎಷ್ಟೋ ಸಲ ಮಾತುಕತೆ ಶುರುವಾಗುವುದೇ ಅಲ್ಲಿ.

ಜರ್ಮನಿಯಲ್ಲೇ ಇರುವವರ ಬಳಿ 2023ರಲ್ಲಿ ಬಂದ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸು ಇದ್ದರೆ, ಪ್ರಾದೇಶಿಕ ರೈಲಿಗೆಲ್ಲ ಅದು ಸಾಕು. ಹೊರಗಿನಿಂದ ಬಂದವರು ಕೋನುಸ್ ಕಾರ್ಡ್ ಬಗ್ಗೆ ವಿಚಾರಿಸಿ. ಬ್ಲ್ಯಾಕ್ ಫಾರೆಸ್ಟ್‌ನ ಬಹಳಷ್ಟು ಊರುಗಳಲ್ಲಿ ರಾತ್ರಿ ತಂಗಿದರೆ ಹೋಟೆಲಿನವರೇ ಕೊಡುತ್ತಾರೆ. ಅದನ್ನು ತೋರಿಸಿದರೆ ಆ ಸೀಮೆಯ ಬಸ್ಸು, ಪ್ರಾದೇಶಿಕ ರೈಲು ಉಚಿತ.

ಬೋರ್ಡು ಓದುವುದು, ಕಾಡಿನ ರೂಲ್ಸು

ಬಿಳಿ ಹಲಗೆ, ಹಸಿರು ಅಕ್ಷರ, ಸೈಕಲ್ ಚಿತ್ರ: ಅದು ನಿಮ್ಮದು. ಕೆಳಗೆ ನೇತುಹಾಕಿದ ಸಣ್ಣ ಚೌಕದಲ್ಲಿ ಆಯಾ ದಾರಿಯ ಲಾಂಛನ ಇರುತ್ತದೆ. ಮರದ ಮೇಲೆ ವಜ್ರದ ಆಕಾರದ ಗುರುತು ಕಂಡರೆ ಅದು ನಡೆದು ಹೋಗುವವರಿಗೆ. ಕೆಂಪು ವಜ್ರ 1900ರಲ್ಲಿ ಗುರುತು ಹಾಕಿದ ವೆಸ್ಟ್‌ವೆಗ್‌ನದು, ಫೋರ್ಟ್ಸ್‌ಹೈಮ್‌ನಿಂದ ಬಾಸೆಲ್ ತನಕದ ಕಾಲುದಾರಿ. ಚೆನ್ನಾಗಿದೆ ಅಂತ ಅದರಲ್ಲಿ ಸೈಕಲ್ ನುಗ್ಗಿಸಬೇಡಿ.

ಈ ರಾಜ್ಯದ ಅರಣ್ಯ ಕಾನೂನಿನ ಪ್ರಕಾರ ಎರಡು ಮೀಟರ್‌ಗಿಂತ ಕಿರಿದಾದ ಕಾಡುದಾರಿಯಲ್ಲಿ, ಅದಕ್ಕೆಂದೇ ಬಿಟ್ಟುಕೊಟ್ಟ ಜಾಗ ಹೊರತು, ಸೈಕಲ್ ಓಡಿಸುವಂತಿಲ್ಲ. ಆ್ಯಪ್‌ಗಳಿಗೆ ಇದು ಯಾವಾಗಲೂ ತಿಳಿದಿರುವುದಿಲ್ಲ. ನನ್ನ ಮೊದಲ ದಿನದ ಕಥೆಯಲ್ಲೂ ಆಗಿದ್ದು ಅದೇ. ಆ್ಯಪ್ ಒಂದು ಹೇಳಿ ಬೋರ್ಡು ಇನ್ನೊಂದು ಹೇಳಿದರೆ ಬೋರ್ಡನ್ನು ನಂಬಿ. ಮರ ಕಡಿಯುವ ಕೆಲಸ ನಡೆಯುವಾಗ ದಾರಿಗೆ ಅಡ್ಡ ಪಟ್ಟಿ ಕಟ್ಟಿ "ಲೇಬೆನ್ಸ್‌ಗೆಫಾರ್" ಅಂತ ಬರೆದಿರುತ್ತಾರೆ. ಜೀವಕ್ಕೆ ಅಪಾಯ ಅಂತ. ಯಾರೂ ಕಾಣುತ್ತಿಲ್ಲವಲ್ಲ ಅಂತ ನುಸುಳಬೇಡಿ. "ಉಮ್‌ಲೈಟುಂಗ್" ಅಂದರೆ ಬಳಸುದಾರಿ. ಕಾಡಿನಲ್ಲಿ ಎಲ್ಲೆಂದರಲ್ಲಿ ಟೆಂಟ್ ಹಾಕುವಂತೆಯೂ ಇಲ್ಲ.

ಇನ್ನೊಂದು ವಿಷಯ, ರಕ್ತ ಹೀರುವ ಉಣ್ಣಿ. ಹುಲ್ಲಲ್ಲಿ ಕೂತು ಎದ್ದ ದಿನ ರಾತ್ರಿ ಮೊಣಕಾಲಿನ ಹಿಂದೆ, ತೊಡೆ ಸಂದು, ಕಂಕುಳು ತಡಕಿ ನೋಡಿ. ಇಲ್ಲಿನ ಉಣ್ಣಿ ಮಿದುಳು ಜ್ವರ ಹರಡುತ್ತದೆ, ಅದಕ್ಕೆ ಲಸಿಕೆ ಇದೆ. ಬೊರೆಲಿಯೋಸಿಸ್ ಅನ್ನುವ ಇನ್ನೊಂದು ರೋಗಕ್ಕೆ ಲಸಿಕೆ ಇಲ್ಲ. ಕಚ್ಚಿದ್ದು ಕಂಡರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ. ಆ ಜಾಗದಲ್ಲಿ ಕೆಲವು ದಿನದ ಮೇಲೆ ಕೆಂಪು ಉಂಗುರ ಹರಡಿದರೆ ಡಾಕ್ಟರಿಗೆ ತೋರಿಸಲೇಬೇಕು.

ಊಟ, ನೀರು, ಭಾನುವಾರ

ಭಾನುವಾರ ಅಂಗಡಿಗಳೆಲ್ಲ ಬಂದ್. ಬೇಕರಿ ಮಾತ್ರ ಬೆಳಗ್ಗೆ ಕೆಲವು ಗಂಟೆ ತೆರೆದಿರುತ್ತದೆ. ಶನಿವಾರ ಸಂಜೆಯೇ ಬ್ರೆಡ್ಡು, ಚೀಸ್, ಹಣ್ಣು ತುಂಬಿಕೊಳ್ಳಿ. ಹಳ್ಳಿಯ ಹೋಟೆಲುಗಳಿಗೂ ವಾರಕ್ಕೊಂದೋ ಎರಡೋ ರಜೆ, "ರೂಎಟಾಗ್" ಅಂತಾರೆ. ಸೋಮವಾರ, ಮಂಗಳವಾರ ಹೆಚ್ಚು. ತೆರೆದಿದ್ದರೂ ಮಧ್ಯಾಹ್ನ ಎರಡರಿಂದ ಸಂಜೆ ಐದೂವರೆವರೆಗೆ ಎಷ್ಟೋ ಕಡೆ ಒಲೆ ಹಚ್ಚುವುದಿಲ್ಲ. ಮೂರು ಗಂಟೆಗೆ ಹಸಿದು ಹೋದರೆ ಕೇಕ್ ಸಿಗುತ್ತದೆ, ಊಟ ಸಿಗುವುದಿಲ್ಲ.

ಸಸ್ಯಾಹಾರಿಗಳು ಕಲಿಯಬೇಕಾದ ಮಂತ್ರ: "ಓನೆ ಫ್ಲೈಶ್, ಓನೆ ಷ್ಪೆಕ್." ಮಾಂಸ ಬೇಡ, ಹಂದಿ ತುಣುಕೂ ಬೇಡ. ಎರಡನೆಯದನ್ನು ಬಿಡಿಸಿ ಹೇಳದಿದ್ದರೆ ಆಲೂಗಡ್ಡೆಯ ಜೊತೆ ಅದು ಬಂದೇ ಬರುತ್ತದೆ. ಕೇಸೆ ಷ್ಪೆಟ್ಸ್‌ಲೆ ಸಿಗದ ಹೋಟೆಲಿಲ್ಲ, ಚೀಸ್ ಹಾಕಿದ ಶಾವಿಗೆಯಂಥದ್ದು, ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ನನಗೆ ಇಷ್ಟವಾದದ್ದು ಬಿಬೆಲೆಸ್ಕೇಸ್: ನೀರಿಳಿಸಿದ ಗಟ್ಟಿ ಮೊಸರಿನಂಥದಕ್ಕೆ ಈರುಳ್ಳಿ, ಸೊಪ್ಪು ಕಲಸಿ, ಹುರಿದ ಆಲೂಗಡ್ಡೆ ಜೊತೆ ಕೊಡುತ್ತಾರೆ. ಮೊಸರನ್ನದ ಊರಿನವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಬ್ಲ್ಯಾಕ್ ಫಾರೆಸ್ಟ್ ಕೇಕಿನಲ್ಲಿ ಇಲ್ಲಿ ಚೆರ್ರಿಯಿಂದ ಭಟ್ಟಿ ಇಳಿಸಿದ ಕಿರ್ಷ್ ಮದ್ಯವನ್ನು ನಿಜವಾಗಿಯೂ ಹಾಕುತ್ತಾರೆ. ಬೆಂಗಳೂರಿನ ಬೇಕರಿಯದೇ ರುಚಿ ನಿರೀಕ್ಷಿಸಬೇಡಿ.

ಊರ ನಡುವಿನ ತೊಟ್ಟಿಯಲ್ಲಿ ನೀರು ಸುರಿಯುತ್ತಿದ್ದರೆ ಹಲಗೆ ನೋಡಿ. "ಟ್ರಿಂಕ್‌ವಾಸರ್" ಅಂದರೆ ಕುಡಿಯಬಹುದು, ಮುಂದೆ "ಕೈನ್" ಇದ್ದರೆ ಬೇಡ. ಏನೂ ಸಿಗದಿದ್ದರೆ ಸ್ಮಶಾನಕ್ಕೆ ಹೋಗಿ. ನಗಬೇಡಿ, ಇಲ್ಲಿನ ಸೈಕಲ್ ಸವಾರರೆಲ್ಲ ಹೀಗೇ ಮಾಡುತ್ತಾರೆ. ಸಮಾಧಿ ಮೇಲಿನ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಅಲ್ಲೂ ಹಲಗೆ ಓದಿ, ಸದ್ದು ಮಾಡದೆ ತುಂಬಿಸಿಕೊಂಡು ಬನ್ನಿ.

ತಂಗಲು "ಬೆಟ್ ಪ್ಲಸ್ ಬೈಕ್" ಫಲಕ ಇರುವ ಮನೆ ಹುಡುಕಿ. ಎಡಿಎಫ್‌ಸಿ ಅನ್ನುವ ಸೈಕಲ್ ಸವಾರರ ಸಂಘ ಕೊಡುವ ಫಲಕ ಅದು. ಒಂದೇ ರಾತ್ರಿಗೂ ಕೋಣೆ ಕೊಡುತ್ತಾರೆ, ಸೈಕಲ್‌ಗೆ ಬೀಗ ಹಾಕುವ ಜಾಗ, ಒದ್ದೆ ಬಟ್ಟೆ ಒಣಗಿಸಲು ವ್ಯವಸ್ಥೆ ಇರುತ್ತದೆ.

ಐದು ದಿನ ಹೀಗೆ

ಮೊದಲ ದಿನ ಫ್ರೈಬುರ್ಗ್‌ನಿಂದ ಹ್ಯೋಲೆನ್‌ಟಾಲ್ ರೈಲು ಹತ್ತಿ ಹಿಂಟರ್‌ಸಾರ್ಟೆನ್‌ಗೆ. ಹಿಮೆಲ್‌ರೈಶ್ ಅನ್ನುವ ನಿಲ್ದಾಣ ದಾಟಿದ ಮೇಲೆ ಕಣಿವೆ ಕಿರಿದಾಗಿ ಬಂಡೆಗಳು ಕಿಟಕಿಗೇ ಬರುತ್ತವೆ. ಹಿಮೆಲ್‌ರೈಶ್ ಅಂದರೆ ಸ್ವರ್ಗದ ರಾಜ್ಯ, ಹ್ಯೋಲೆನ್‌ಟಾಲ್ ಅಂದರೆ ನರಕದ ಕಣಿವೆ. 1887ರಲ್ಲಿ ಈ ದಾರಿ ಶುರುವಾದಾಗ ಕಡಿದಾದ ಭಾಗದಲ್ಲಿ ರೈಲು ಜಾರದಂತೆ ಹಿಡಿಯುವ ಹಲ್ಲುಹಳಿ ಇತ್ತು, 1933ರ ತನಕ. ಶೇ 5.5ರ ಏರು ಅಂದರೆ ರೈಲಿಗೆ ಹುಡುಗಾಟವಲ್ಲ. 1936ರಲ್ಲಿ ಇಲ್ಲಿ, ಮನೆಗಳಿಗೆ ಬರುವಂಥದೇ 50 ಹರ್ಟ್ಸ್ ವಿದ್ಯುತ್ತಿನಲ್ಲಿ ರೈಲು ಓಡಿಸುವ ಪ್ರಯೋಗ ಮಾಡಿದರು. ಯುದ್ಧದ ನಂತರ ಫ್ರೆಂಚರು ಅದನ್ನು ನೋಡಿ ಬೆಳೆಸಿದರು, ಮುಂದೆ ಭಾರತದ ರೈಲ್ವೆಯೂ ಆ ಬಗೆಯನ್ನೇ ಹಿಡಿಯಿತು. ಕಿಟಕಿಯಿಂದ ಕೆಳಗಿನ ಬಿ 31 ಹೆದ್ದಾರಿಯ ಲಾರಿಗಳನ್ನು ನೋಡಿದರೆ ಸೈಕಲ್ ಒಳಗಿದೆಯಲ್ಲ ಅಂತ ಸಮಾಧಾನವಾಗುತ್ತದೆ.

ಹಿಂಟರ್‌ಸಾರ್ಟೆನ್ ನಿಲ್ದಾಣ ಸುಮಾರು 885 ಮೀಟರ್. ಟಿಟಿಸೇಯಲ್ಲಿ ಪ್ರವಾಸಿ ಬಸ್ಸುಗಳ ಗದ್ದಲ, ನಾನು ನಿಲ್ಲುವುದಿಲ್ಲ. ನೊಯ್‌ಷ್ಟಾಟ್ ದಾಟಿ ಲೆಂಟ್ಸ್‌ಕಿರ್ಷ್ ಕಡೆಗೆ ಬೆನ್‌ಲೆ ರಾಡ್‌ವೆಗ್ ಸಿಗುತ್ತದೆ. ಹಳಿ ಕಿತ್ತ ಹಳೆಯ ರೈಲುದಾರಿ, ಬೊಂಡೋರ್ಫ್ ತನಕ. ಈ ಒಂದು ತುಂಡಿಗಾಗಿಯೇ ಇಷ್ಟು ದೂರ ಬರಬಹುದು. ಏರುತ್ತಿದ್ದೀರಿ ಅಂತ ಕಾಲಿಗೆ ಗೊತ್ತೇ ಆಗುವುದಿಲ್ಲ. ನಾನು ಹೋದ ಬೆಳಗ್ಗೆ ರಾತ್ರಿ ಮಳೆ ಬಂದು ನಿಂತಿತ್ತು. ಫರ್ ಮರಗಳ ನಡುವೆ ಮಂಜು, ದಾರಿ ತುಂಬ ಬೆರಳುದ್ದದ ಕೆಂಪು ಗೊಂಡೆಹುಳ. ಚಕ್ರ ತಪ್ಪಿಸಿಕೊಂಡು ಹೋಗುವುದೇ ಒಂದು ಆಟವಾಯಿತು. ಒಂದು ತಿರುವಿನಲ್ಲಿ ಸೂರು ನೆಲಕ್ಕೆ ಮುಟ್ಟುವಂತೆ ಇಳಿದ ದೊಡ್ಡ ತೋಟದ ಮನೆ. ಬೇಲಿ ಪಕ್ಕ ಮರದ ಗೂಡಿನಲ್ಲಿ ಜೇನು ಬಾಟಲಿ, ಮೊಟ್ಟೆ, ಬೀಗ ಹಾಕಿದ ಸಣ್ಣ ಡಬ್ಬಿ. ಅಂಗಡಿಯವರಿಲ್ಲ. ಬೇಕಾದ್ದು ತೆಗೆದುಕೊಂಡು ದುಡ್ಡು ಡಬ್ಬಿಗೆ ಹಾಕಬೇಕು. ನನ್ನ ಹತ್ತಿರ ಇದ್ದದ್ದು ಐವತ್ತರ ನೋಟು ಒಂದೇ. ಕಾಕಂಬಿಯಷ್ಟು ಕಪ್ಪಗಿದ್ದ ಫರ್ ಮರದ ಜೇನನ್ನು ನೋಡಿ ವಾಪಸ್ ಇಟ್ಟು ಬಂದೆ. ಚಿಲ್ಲರೆ ನಾಣ್ಯ ಇಟ್ಟುಕೊಳ್ಳಿ.

ಎರಡನೆಯ ದಿನ ಬೊಂಡೋರ್ಫ್‌ನಿಂದ ವಾಲ್ಡ್ಸ್‌ಹೂಟ್‌ಗೆ, ಸುಮಾರು 500 ಮೀಟರ್ ಇಳಿತ. ಮಧ್ಯೆ ದಿಬ್ಬಗಳಿಲ್ಲ ಅಂತಲ್ಲ. ಹತ್ತಿರದ ವುಟಾಖ್ ಕಮರಿ ಚೆಂದ, ಆದರೆ ಅದು ನಡೆಯುವವರಿಗೆ ಮಾತ್ರ. ನೋಡಬೇಕಿದ್ದರೆ ಬೊಂಡೋರ್ಫ್‌ನಲ್ಲಿ ಇನ್ನೊಂದು ದಿನ ಉಳಿಯಿರಿ.

ಮೂರನೆಯ ದಿನ ರೈನ್ ದಂಡೆಯಲ್ಲೇ ಸುಮಾರು 60 ಕಿ.ಮೀ. ಹೊರಡುವ ಮುಂಚೆ ಫೋನಿನಲ್ಲಿ ರೋಮಿಂಗ್ ಆಫ್ ಮಾಡಿ. ಆಚೆ ದಡ ಸ್ವಿಟ್ಜರ್ಲೆಂಡ್, ಅದು ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಒಕ್ಕೂಟದೊಳಗಿನ ರೋಮಿಂಗ್ ಸೌಲಭ್ಯ ಅಲ್ಲಿಗೆ ತಾನಾಗಿ ಸಿಗುವುದಿಲ್ಲ. ಜರ್ಮನಿಯಲ್ಲೇ ಓಡುತ್ತಿದ್ದರೂ ಫೋನು ಸುಮ್ನೆ ಆಚೆಯ ಟವರ್ ಹಿಡಿದುಬಿಡುತ್ತದೆ. ಮ್ಯಾಪ್ ನೋಡಿದ್ದಕ್ಕೆ ನನಗೆ ಬಂದ ಬಿಲ್ಲಿನಲ್ಲಿ ಎರಡು ದಿನ ಊಟ ಮಾಡಬಹುದಿತ್ತು.

ಲೌಫೆನ್‌ಬುರ್ಗ್‌ನಲ್ಲಿ ಎರಡೂ ದೇಶ ಸೇರಿ ಕಟ್ಟಿ 2004ರಲ್ಲಿ ತೆರೆದ ಹೊಸ ಸೇತುವೆ ಇದೆ. ಜರ್ಮನಿ ಎತ್ತರ ಅಳೆಯುವುದು ಆಮ್‌ಸ್ಟರ್‌ಡಾಮ್‌ನ ಸಮುದ್ರಮಟ್ಟದಿಂದ, ಸ್ವಿಸ್ಸರು ಮಾರ್ಸೇಯಿನಿಂದ. ವ್ಯತ್ಯಾಸ 27 ಸೆಂ.ಮೀ. ಅಂತ ಎಂಜಿನಿಯರುಗಳಿಗೆ ಗೊತ್ತಿತ್ತು. ಆದರೆ ಕೂಡುವಲ್ಲಿ ಕಳೆದು, ಎರಡು ಕಡೆಯ ಕೆಲಸಕ್ಕೆ 54 ಸೆಂ.ಮೀ. ಅಂತರ ಬಂತು. ಕಟ್ಟುವಾಗಲೇ ಗೊತ್ತಾಗಿ ಸರಿಮಾಡಿದರು. ಎತ್ತರದ ಲೆಕ್ಕದಲ್ಲಿ ಎಡವಿದವನು ನಾನೊಬ್ಬನೇ ಅಲ್ಲ ಅಂತ ಅಲ್ಲಿ ನಿಂತು ಖುಷಿಪಟ್ಟೆ. ಮುಂದೆ ಬಾಡ್ ಝೆಕಿಂಗೆನ್‌ನಲ್ಲಿ 200 ಮೀಟರ್‌ಗೂ ಉದ್ದದ, ಮೇಲೆ ಚಾವಣಿ ಇರುವ ಮರದ ಸೇತುವೆ. ಸೈಕಲ್ ಇಳಿದು ನಡೆದು ನೋಡಿ.

ರಾತ್ರಿಗೆ ವೈಲ್ ಆಮ್ ರೈನ್. ಅಲ್ಲಿಂದ ಬಾಸೆಲ್‌ಗೆ ಟ್ರಾಮ್ ಇದೆ. ನಮ್ಮ ಕರಾವಳಿಯವರಿಗೆ ಆ ಊರಿನ ಹೆಸರು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಇಲ್ಲಿಯದೇ, ಹೆಂಚಿನ ಕಾರ್ಖಾನೆ ತೆರೆದವರೂ ಅವರೇ. ಅಜ್ಜನ ಮನೆ ಸೂರಿನ ಹೆಂಚಿನ ಮೇಲೆ ಓದಿದ ಹೆಸರನ್ನು ರೈಲು ನಿಲ್ದಾಣದ ಬೋರ್ಡಿನಲ್ಲಿ ಕಂಡಾಗ ಒಂಥರಾ ಅನ್ನಿಸುತ್ತದೆ.

ನಾಲ್ಕನೆಯ ದಿನ ದ್ರಾಕ್ಷಿ ತೋಟಗಳ ನಡುವೆ ಸ್ಟೌಫೆನ್ ತನಕ. ಕಾಡು ಬಲಗಡೆ ಬೆಟ್ಟದ ಮೇಲೆ ಉಳಿಯುತ್ತದೆ. ನೆರಳಿಲ್ಲ, ಸಣ್ಣ ದಿಬ್ಬಗಳು ಮುಗಿಯುವುದೇ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಅತಿ ಸುಸ್ತಾದ ದಿನ ಇದೇ. ಸ್ಟೌಫೆನ್‌ನಲ್ಲಿ ಗೋಡೆಗಳನ್ನು ನೋಡಿ. 2007ರಲ್ಲಿ ಪುರಭವನವನ್ನು ನೆಲದ ಶಾಖದಿಂದ ಬೆಚ್ಚಗಿಡಲು ಕೊಳವೆ ಕೊರೆದರು. ಕೆಳಗಿನ ಆನ್‌ಹೈಡ್ರೈಟ್ ಕಲ್ಲಿಗೆ ನೀರು ತಾಗಿ ಜಿಪ್ಸಮ್ ಆಗಿ ಉಬ್ಬಿತು. ಊರೇ ಮೇಲೆದ್ದು ಇನ್ನೂರಕ್ಕೂ ಹೆಚ್ಚು ಮನೆ ಬಿರುಕುಬಿಟ್ಟವು.

ಐದನೆಯ ದಿನ ಸುಲಭ. ಫ್ರೈಬುರ್ಗ್‌ನಲ್ಲಿ ಬೀದಿ ಬದಿ ಹರಿಯುವ ಸಣ್ಣ ಕಾಲುವೆಗಳಿವೆ. ಅದರಲ್ಲಿ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರಂತೆ. ಸೈಕಲ್ ಚಕ್ರ ಇಟ್ಟರೆ ಮಾತ್ರ ನೇರ ಬೀಳುತ್ತೀರಿ, ಹುಷಾರು. ಅಲ್ಲಿಂದ ಡ್ರೈಸಾಮ್ ನದಿ ದಂಡೆಯ ಸೈಕಲ್ ದಾರಿ ಹಿಡಿದು ಕಿರ್ಷ್‌ಸಾರ್ಟೆನ್ ದಾಟಿ ಹಿಮೆಲ್‌ರೈಶ್. ಸುತ್ತು ಪೂರ್ತಿ ಮಾಡಬೇಕು ಅನ್ನುವವರು ಇಲ್ಲಿ ರೈಲು ಹತ್ತಿ ಹಿಂಟರ್‌ಸಾರ್ಟೆನ್‌ಗೆ ಹೋಗಬಹುದು. ನಾನು ಹತ್ತಲಿಲ್ಲ. ನಿಲ್ದಾಣದ ಹತ್ತಿರ, ಅಂಗವಿಕಲರೂ ಉಳಿದವರೂ ಒಟ್ಟಿಗೆ ಕೆಲಸ ಮಾಡುವ ಹೋಟೆಲಿದೆ, ಹೋಫ್‌ಗೂಟ್ ಹಿಮೆಲ್‌ರೈಶ್ ಅಂತ. ಅಲ್ಲಿ ಕಾಫಿ ಕುಡಿದು, ಸೈಕಲ್ ಬಾಡಿಗೆಯವನು ಆರು ಗಂಟೆಗೆ ಬಾಗಿಲು ಹಾಕುತ್ತಾನೆ ಅನ್ನುವುದು ನೆನಪಾಗಿ ಇಳಿಜಾರಿನಲ್ಲಿ ಫ್ರೈಬುರ್ಗ್‌ಗೆ ವಾಪಸ್ ಹೊರಟೆ.